ಮಿಲಿಟರಿ ಮುದ್ರೆ ಒತ್ತಿದವರು ಯಾರು?

ಗಟ್ಟಿಯಾದ ಲ್ಯಾಪ್‌ಟಾಪ್ ಬೇಕು ಅಂತ ಯಾವ ಅಂಗಡಿಗೆ ಹೋದರೂ ಮಾರುವ ಹುಡುಗ ಹೇಳುವುದು ಒಂದೇ ಮಾತು: ‘ಇದು ಮಿಲಿಟರಿ ಗ್ರೇಡ್ ಸರ್, ಕೈಜಾರಿ ಬಿದ್ದರೂ ಏನೂ ಆಗಲ್ಲ.’ ಅಲ್ಲಿಗೆ ಗಿರಾಕಿಯ ಅರ್ಧ ಅನುಮಾನ ಇಳಿದುಹೋಗುತ್ತದೆ. ಸೈನಿಕರ ಕೈಯಲ್ಲಿ ಬಾಳುವಂಥದ್ದು ನಮ್ಮ ಹುಡುಗನ ಕಾಲೇಜು ಬ್ಯಾಗಿನಲ್ಲಿ ಬಾಳದೇ ಇರುತ್ತದೆಯೇ ಎಂಬ ಲೆಕ್ಕಾಚಾರ. ಡಬ್ಬದ ಮೇಲೆ ‘ಮಿಲ್-ಎಸ್‌ಟಿಡಿ-810ಎಚ್’ ಎಂದು ಅಚ್ಚಾಗಿದ್ದರಂತೂ ಮುಗಿದೇಹೋಯಿತು. ಅಮೆರಿಕದ ಸೈನ್ಯವೇ ಬಂದು ಠಸ್ಸೆ ಒತ್ತಿ ಹೋದ ಹಾಗೆ.

ಇದು ಅಂಗಡಿಯ ಮಾತಾಗಿಯೇ ಉಳಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಕಚೇರಿಗಳ ಖರೀದಿ ಟಿಪ್ಪಣಿಗಳಲ್ಲಿ, ಟೆಂಡರ್ ಷರತ್ತುಗಳಲ್ಲಿ, ಯೂಟ್ಯೂಬ್ ವಿಮರ್ಶೆಗಳಲ್ಲಿ, ಓದುಬರಹ ಬಲ್ಲ ಎಂಜಿನಿಯರುಗಳ ಬಾಯಲ್ಲೂ ಈ ಅಂಕಿ ಬಾಳಿಕೆಯ ಪ್ರಮಾಣಪತ್ರದಂತೆ ಓಡಾಡುತ್ತಿದೆ. ನನ್ನ ತಕರಾರು ಇಷ್ಟೇ: ಲ್ಯಾಪ್‌ಟಾಪ್ ಎಷ್ಟು ವರ್ಷ ಬಾಳುತ್ತದೆ ಎಂಬುದಕ್ಕೂ ಆ ಅಂಕಿಗೂ ಸಂಬಂಧವಿಲ್ಲ. ಅದೊಂದನ್ನೇ ನಂಬಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಕಾಗಿಲ್ಲ.

ಈ 810 ಅನ್ನುವುದು ಅಮೆರಿಕದ ರಕ್ಷಣಾ ಇಲಾಖೆ ಹೊರಡಿಸಿದ ಒಂದು ದಾಖಲೆ. ಮೊದಲು ಬಂದದ್ದು 1962ರಲ್ಲಿ; ‘ಜಿ’ ಆವೃತ್ತಿ 2008ರದ್ದು, ‘ಎಚ್’ ಆವೃತ್ತಿ 2019ರದ್ದು. ಸಾವಿರಕ್ಕೂ ಹೆಚ್ಚು ಪುಟ, 29 ಬಗೆಯ ಪ್ರಯೋಗಾಲಯ ಪರೀಕ್ಷೆ. ಗುಟ್ಟಿನದ್ದೇನಲ್ಲ, ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಂಡು ಓದಬಹುದು. ಓದದೇ ಇರುವುದೇ ಎಲ್ಲರ ರೂಢಿ. ಓದಿದವರಿಗೆ ಮೊದಲ ಭಾಗದಲ್ಲೇ ಕಣ್ಣಿಗೆ ಬೀಳುವ ಸಂಗತಿಯೆಂದರೆ, ಇದು ಪಾಸು-ಫೇಲಿನ ಪಟ್ಟಿಯೇ ಅಲ್ಲ. ಒಂದು ಸಲಕರಣೆ ತನ್ನ ಆಯುಷ್ಯದಲ್ಲಿ ಎಲ್ಲೆಲ್ಲಿ ಹೋಗುತ್ತದೆ, ಎಂಥ ಬಿಸಿಲು-ಚಳಿ-ಕುಲುಕಾಟ ತಿನ್ನುತ್ತದೆ ಎಂದು ಮೊದಲು ಲೆಕ್ಕ ಹಾಕಿ. ಆಮೇಲೆ ಅದಕ್ಕೆ ತಕ್ಕ ಪರೀಕ್ಷೆಗಳನ್ನು ಆರಿಸಿ, ಅವುಗಳ ತೀವ್ರತೆಯನ್ನೂ ಅವಧಿಯನ್ನೂ ನೀವೇ ನಿಗದಿ ಮಾಡಿ. ದಾಖಲೆ ಹೇಳುವುದು ಇದನ್ನು. ಯಾವ ಪರೀಕ್ಷೆ, ಎಷ್ಟು ಎತ್ತರ, ಎಷ್ಟು ಗಂಟೆ, ಯಂತ್ರ ಚಾಲೂ ಇರಬೇಕೋ ಆಫ್ ಆಗಿರಬೇಕೋ, ಯಾವುದನ್ನು ಕೆಟ್ಟಿತು ಅನ್ನಬೇಕು, ಎಲ್ಲವೂ ಪರೀಕ್ಷೆ ಮಾಡಿಸುವವರ ತೀರ್ಮಾನ. ಈ ವಿವರಗಳಿಲ್ಲದೆ ‘810ಎಚ್ ಪರೀಕ್ಷಿತ’ ಅಂದರೆ ಏನನ್ನೂ ಹೇಳಿದಂತಲ್ಲ.

ಸೈನ್ಯ ಈ ದಾಖಲೆ ಬರೆದದ್ದು ತಾನು ಕೊಳ್ಳುವ ಸರಕನ್ನು ತಾನೇ ನಿಷ್ಠುರವಾಗಿ ಪರೀಕ್ಷಿಸಿಕೊಳ್ಳಲು. ಅಲ್ಲಿ ಆಯ್ಕೆಯ ಅಧಿಕಾರ ಕೊಳ್ಳುವವನದು. ಲ್ಯಾಪ್‌ಟಾಪ್ ಮಾರುಕಟ್ಟೆಗೆ ಬರುವಷ್ಟರಲ್ಲಿ ಅದು ಮಾರುವವನ ಕೈಗೆ ಹೋಗಿದೆ. ತಾನೇ ಪ್ರಶ್ನೆಪತ್ರಿಕೆ ಬರೆದು, ತಾನೇ ಉತ್ತರಿಸಿ, ಅಂಕವನ್ನೂ ತಾನೇ ಹಾಕಿಕೊಳ್ಳಲು ಅಡ್ಡಿಯಿಲ್ಲ. ಅಮೆರಿಕದ ಯಾವ ಸರ್ಕಾರಿ ಸಂಸ್ಥೆಯೂ ಲ್ಯಾಪ್‌ಟಾಪುಗಳಿಗೆ 810ರ ಪ್ರಮಾಣಪತ್ರ ಕೊಡುವುದಿಲ್ಲ. ಡಬ್ಬದ ಮೇಲಿನ ಮಾತನ್ನು ಬಂದು ತಪಾಸಣೆ ಮಾಡುವುದೂ ಇಲ್ಲ. ಕಂಪನಿ ತನ್ನದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿರಬಹುದು, ಹೊರಗಿನ ಲ್ಯಾಬಿಗೆ ದುಡ್ಡು ಕೊಟ್ಟು ಮಾಡಿಸಿರಬಹುದು. ಯಾವುದೆಂದು ಡಬ್ಬ ಹೇಳುವುದಿಲ್ಲ.

ಎಲ್ಲರಿಗೂ ಇಷ್ಟವಾಗುವ ಬೀಳಿಸುವ ಪರೀಕ್ಷೆಯನ್ನೇ ಹತ್ತಿರದಿಂದ ನೋಡಿ. ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ. ಒಟ್ಟು 26 ಸಲ, 122 ಸೆಂಟಿಮೀಟರ್ ಎತ್ತರದಿಂದ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಈಗ ವಿವರಕ್ಕೆ ಬನ್ನಿ. ವರ್ಷಾನುಗಟ್ಟಲೆ ಬ್ರೋಷರುಗಳು ಹೆಸರಿಸುತ್ತ ಬಂದ ‘ಜಿ’ ಆವೃತ್ತಿಯಲ್ಲಿ ಯಂತ್ರ ಬೀಳುವುದು ಕಾಂಕ್ರೀಟಿನ ಮೇಲೆ ಹಾಸಿದ ಎರಡು ಇಂಚು ದಪ್ಪದ ಪ್ಲೈವುಡ್ ಹಲಗೆಯ ಮೇಲೆ. ನಮ್ಮ ಬಸ್ ನಿಲ್ದಾಣಗಳಲ್ಲಿ, ಆಸ್ಪತ್ರೆಯ ಮೆಟ್ಟಿಲುಗಳಲ್ಲಿ ಪ್ಲೈವುಡ್ ಹಾಸಿದವರನ್ನು ನಾನಂತೂ ಕಂಡಿಲ್ಲ. ಇಲ್ಲಿ ಇರುವುದು ಗ್ರಾನೈಟು, ಕಡಪ ಕಲ್ಲು, ವಿಟ್ರಿಫೈಡ್ ಟೈಲು. ಅದು ಸಾಗಣೆಯ ವೇಳೆ ಬೀಳುವುದನ್ನು ಅಳೆಯುವ ಪರೀಕ್ಷೆಯಾದ್ದರಿಂದ ಸಾಮಾನ್ಯವಾಗಿ ಯಂತ್ರ ಆಫ್ ಆಗಿರುತ್ತದೆ, ಮುಚ್ಚಳ ಮುಚ್ಚಿರುತ್ತದೆ. ನೀವು ಬೀಳಿಸುವುದು ಹಾಗಲ್ಲ. ಚಾರ್ಜರ್ ವೈರು ಕಾಲಿಗೆ ತೊಡರಿ, ತೆರೆದ ಪರದೆಯ ಸಮೇತ ಬೀಳುತ್ತದೆ.

ಎಲ್ಲಕ್ಕಿಂತ ಮಿಗಿಲಾದ ರಿಯಾಯಿತಿ ಇನ್ನೊಂದಿದೆ: ಆ 26 ಬೀಳುಗಳನ್ನು ಐದು ಯಂತ್ರಗಳ ತನಕ ಹಂಚಲು ಅವಕಾಶವಿದೆ. ಅಂದರೆ ಒಂದೊಂದು ಯಂತ್ರಕ್ಕೆ ಐದೋ ಆರೋ ಬೀಳು. ಐದು ಮಂದಿ ಹುಡುಗರು ಎಸ್ಸೆಸ್ಸೆಲ್ಸಿ ವಿಷಯಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡು ಬರೆದು, ಎಲ್ಲರ ಹೆಸರಿಗೂ ಒಂದೇ ಅಂಕಪಟ್ಟಿ ತಂದಂತೆ ಇದು. ಸೈನ್ಯದ ದೃಷ್ಟಿಯಲ್ಲಿ ಇದಕ್ಕೆ ಅರ್ಥವಿದೆ. ಯಾವುದೇ ಒಂದು ಸಲಕರಣೆ ಜೀವಮಾನದಲ್ಲಿ 26 ಸಲ ಬೀಳುವುದಿಲ್ಲ, ಯಾವ ಮೂಲೆಯ ಮೇಲೆ ಬಿದ್ದರೂ ತಡೆಯಬೇಕು, ಅಷ್ಟೇ ಅದರ ಉದ್ದೇಶ. ಆದರೆ ‘26 ಸಲ ಬಿದ್ದರೂ ಬದುಕುಳಿದ ಲ್ಯಾಪ್‌ಟಾಪ್’ ಎಂದು ಪೋಸ್ಟರ್ ಹಾಕಿದಾಗ ಅರ್ಥ ಬೇರೆಯಾಗುತ್ತದೆ. ಹಾಗೆ ಬದುಕುಳಿದ ಒಂದು ಯಂತ್ರ ಇಲ್ಲದೆಯೂ ಇರಬಹುದು.

ಇಷ್ಟರ ಮೇಲೂ ಈಗಿನ ಲ್ಯಾಪ್‌ಟಾಪುಗಳು ಬಿದ್ದಾಗ ಮೊದಲಿನಷ್ಟು ಸಾಯುವುದಿಲ್ಲ ನಿಜ. ಕೀರ್ತಿ ಸಲ್ಲಬೇಕಾದದ್ದು ಮಾತ್ರ ಬೇರೆಯವರಿಗೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ಗಿರಗಿರ ತಿರುಗುತ್ತಿತ್ತು, ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ಗಾಳಿಯ ಪದರದ ಮೇಲೆ ಹೆಡ್ಡು ತೇಲುತ್ತಿತ್ತು. ಒಂದು ಪೆಟ್ಟು ಬಿದ್ದರೆ ಹೆಡ್ಡು ತಟ್ಟೆಗೆ ಬಡಿದು ದತ್ತಾಂಶವೆಲ್ಲ ಹೋಗುತ್ತಿತ್ತು. ಎತ್ತರದ ಜಾಗದಲ್ಲಿ ಗಾಳಿ ತೆಳುವಾದರೂ ಅದೇ ತೊಂದರೆ. ಎಸ್‌ಎಸ್‌ಡಿ ಬಂದ ಮೇಲೆ ಒಳಗೆ ಅಲುಗಾಡುವ ಭಾಗವೆಂದರೆ ಫ್ಯಾನ್ ಒಂದೇ. ಕಂಪನ, ಆಘಾತ, ಎತ್ತರ, ಮೂರು ಪರೀಕ್ಷೆಯೂ ಏಕಕಾಲಕ್ಕೆ ಸುಲಭವಾದವು. ಸಾದಾ ಲ್ಯಾಪ್‌ಟಾಪುಗಳೂ ‘ಮಿಲಿಟರಿ’ ಪಟ್ಟಕ್ಕೇರಲು ಇದೊಂದು ದೊಡ್ಡ ಕಾರಣ. ಅದೇ ಎಸ್‌ಎಸ್‌ಡಿ ಪಕ್ಕದ ಮುದ್ರೆಯಿಲ್ಲದ ಮಾದರಿಯಲ್ಲೂ ಇದೆ.

ಎತ್ತರದ ಮಾತು ಬಂದಿದ್ದರಿಂದ ಒಂದು ತಮಾಷೆ. ಥಿಂಕ್‌ಪ್ಯಾಡುಗಳ ಜಾಹೀರಾತಿನಲ್ಲಿ 810ರ ಹೆಸರು ದೊಡ್ಡದಾಗಿ ಇರುತ್ತದೆ. ನನಗೆ ಆ ಯಂತ್ರಗಳ ಮೇಲೆ ದ್ವೇಷವೇನಿಲ್ಲ, ಕೀಬೋರ್ಡ್ ವಿಷಯದಲ್ಲಿ ಪ್ರೀತಿಯೇ ಇದೆ. ಆದರೆ ಅವುಗಳಲ್ಲಿ ಹಲವು ಮಾದರಿಗಳ ವಿವರಪಟ್ಟಿ ತೆಗೆದು ‘ಬಳಕೆಯ ಪರಿಸರ’ ಎಂಬ ಸಾಲು ಓದಿ: 5ರಿಂದ 35 ಡಿಗ್ರಿ ಸೆಲ್ಸಿಯಸ್, ಗರಿಷ್ಠ ಎತ್ತರ 3048 ಮೀಟರ್. ಲೇಹ್ ಇರುವುದು ಸುಮಾರು 3500 ಮೀಟರಿನಲ್ಲಿ. ಸೈನಿಕ ನಿಂತಿರುವ ಜಾಗ ಕಾಗದದ ಪ್ರಕಾರ ಈ ಮಿಲಿಟರಿ ಯಂತ್ರದ ಮಿತಿಯಾಚೆ. ಅಷ್ಟು ದೂರ ಯಾಕೆ, ಕಲಬುರಗಿಯಲ್ಲೋ ರಾಯಚೂರಿನಲ್ಲೋ ಏಪ್ರಿಲ್ ಮಧ್ಯಾಹ್ನ ಫ್ಯಾನಿನ ಕೆಳಗೆ ಕೂತವರ ಕೋಣೆ 35 ದಾಟಿ ಎಷ್ಟೋ ಹೊತ್ತಾಗಿರುತ್ತದೆ. ಯಂತ್ರ ಓಡುತ್ತದೆ, ಸಂಶಯವಿಲ್ಲ. ಆದರೆ ಕಂಪನಿ ತಾನು ನಿಲ್ಲಲು ಸಿದ್ಧವಿರುವ ಗೆರೆಯನ್ನು ಎಲ್ಲಿ ಎಳೆದಿದೆ ಎಂದು ಗಮನಿಸಿ. ಪೋಸ್ಟರಿನಲ್ಲಿ ಮರಳುಗಾಡು, ವಿವರಪಟ್ಟಿಯಲ್ಲಿ ಏಸಿ ಕೋಣೆ.

ಕರಾವಳಿಯವರನ್ನು ಮರುಳು ಮಾಡುವುದು ಉಪ್ಪಿನ ಮಂಜಿನ ಪರೀಕ್ಷೆ. ಶೇ 5ರ ಉಪ್ಪು ನೀರನ್ನು 24 ಗಂಟೆ ಸಿಂಪಡಿಸುವುದು, 24 ಗಂಟೆ ಒಣಗಿಸುವುದು. ಹೀಗೆ ಎರಡು ಸುತ್ತು, ನಾಲ್ಕು ದಿನಕ್ಕೆ ಮುಗಿಯಿತು. ಮಲ್ಪೆಯ ಬಂದರಿನಲ್ಲಿ ಮೀನಿನ ಲೆಕ್ಕ ಬರೆಯುವವನ ಟೇಬಲ್ಲಿನ ಮೇಲೆ ಉಪ್ಪುಗಾಳಿ ನಾಲ್ಕು ದಿನ ಬೀಸಿ ನಿಲ್ಲುವುದಿಲ್ಲ. ಇದಕ್ಕಿಂತ ಮುಖ್ಯವಾದ ಮಾತನ್ನು 810ರ ಆ ಅಧ್ಯಾಯವೇ ಹೇಳುತ್ತದೆ: ಈ ಪರೀಕ್ಷೆಯ ಅವಧಿಗೂ ನಿಜ ಜೀವನದ ಯಾವ ಅವಧಿಗೂ ತಾಳೆ ಹಾಕುವಂತಿಲ್ಲ ಎಂದು. ಬರೆದವರೇ ಕೈ ಎತ್ತಿದ್ದಾರೆ, ಮಾರುವವರು ಅದರಿಂದಲೇ ಬಾಳಿಕೆಯ ಭವಿಷ್ಯ ಹೇಳುತ್ತಿದ್ದಾರೆ. ಬೂಷ್ಟಿನ ಪರೀಕ್ಷೆಯದ್ದೂ ಇಂಥದೇ ಕತೆ, ಕನಿಷ್ಠ 28 ದಿನ. ಆಗುಂಬೆಯ ಸುತ್ತಿನಲ್ಲಿ ಮಳೆಗಾಲ ಅಷ್ಟರಲ್ಲಿ ಇನ್ನೂ ಮೈಕೊಡವಿ ಏಳುತ್ತಿರುತ್ತದೆ. ಅಂದಹಾಗೆ, ಉಪ್ಪಿನ ಪರೀಕ್ಷೆಯಾದ ಯಂತ್ರವನ್ನೇ ಬೂಷ್ಟಿನ ಪರೀಕ್ಷೆಗೆ ಇಡಬೇಡಿ, ಉಪ್ಪು ಬೂಷ್ಟನ್ನು ಬೆಳೆಯಗೊಡದೆ ಹೋಗಬಹುದು ಎಂಬ ಎಚ್ಚರಿಕೆಯೂ ಅದರಲ್ಲಿದೆ. ಪರೀಕ್ಷೆಗಳು ಬಿಡಿಬಿಡಿ, ನಮ್ಮ ಹವೆಯಲ್ಲಿ ಉಪ್ಪು, ಶೆಕೆ, ದೂಳು, ಬೂಷ್ಟು ಸರದಿಯಲ್ಲಿ ನಿಂತು ಬರುವುದಿಲ್ಲ.

ನಿಜವಾದ ರಗಡ್ ಯಂತ್ರಗಳ ಅಭಿಮಾನಿಗಳು ಇಲ್ಲಿ ಕೆಮ್ಮುತ್ತಾರೆ. ‘ನೀವು ಹೇಳುತ್ತಿರುವುದು ತೆಳ್ಳನೆಯ ಫ್ಯಾಷನ್ ಲ್ಯಾಪ್‌ಟಾಪುಗಳಿಗೆ ಸರಿ. 1996ರಿಂದ ಬರುತ್ತಿರುವ ಪ್ಯಾನಸೋನಿಕ್ ಟಫ್‌ಬುಕ್ ನೋಡಿ, ಗೆಟ್ಯಾಕ್ ನೋಡಿ, ಐಪಿ65 ಇದೆ.’ ನೋಡೋಣ. ಐಪಿ ಅಂಕಿ 810ಕ್ಕಿಂತ ಮರ್ಯಾದಸ್ಥ. ಅದಕ್ಕೆ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 60529ನೇ ಮಾನದಂಡವಿದೆ, ಅಂಕಿಗೊಂದು ನಿಶ್ಚಿತ ಅರ್ಥವಿದೆ. 6 ಅಂದರೆ ದೂಳು ಒಳಗೆ ಹೋಗಕೂಡದು. 5 ಅಂದರೆ 6.3 ಮಿಲಿಮೀಟರ್ ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ನೀರನ್ನು ಎರಡೂವರೆ-ಮೂರು ಮೀಟರ್ ದೂರದಿಂದ ಕನಿಷ್ಠ ಮೂರು ನಿಮಿಷ ಹಾಯಿಸಿದರೂ ಕೆಡಬಾರದು. ಒಳ್ಳೆಯದೇ. ಆದರೆ ಹಾಯಿಸುವುದು ಶುದ್ಧ ನೀರು, ಹಾಯಿಸಿಕೊಳ್ಳುವುದು ಹೊಚ್ಚಹೊಸ ಯಂತ್ರ, ಪೋರ್ಟುಗಳ ಬಾಗಿಲೆಲ್ಲ ಭದ್ರವಾಗಿ ಮುಚ್ಚಿರುತ್ತವೆ.

ಆ ಬಾಗಿಲಿನ ಒಳಮೈಯನ್ನು ಒಮ್ಮೆ ಬೆರಳಿಟ್ಟು ನೋಡಿ. ಅಂಚಿನ ಸುತ್ತ ನೂಲಿನಷ್ಟು ದಪ್ಪದ ಒಂದು ರಬ್ಬರ್ ಪಟ್ಟಿ. ಐಪಿ65ರ ಭಾರವೆಲ್ಲ ನಿಂತಿರುವುದು ಅದರ ಮೇಲೆ. ಸಂಡೂರಿನ ಗಣಿಯಲ್ಲಿ ಸರ್ವೇ ಮಾಡುವವನು ದಿನಕ್ಕೆರಡು ಸಲ ಚಾರ್ಜರ್ ಹಾಕಲು ಆ ಬಾಗಿಲು ತೆಗೆಯುತ್ತಾನೆ. ಪ್ರತಿ ಸಲವೂ ಕೆಂಪು ಅದಿರಿನ ಹುಡಿ ನಾಲ್ಕು ಕಾಳು ರಬ್ಬರಿಗೆ ಅಂಟುತ್ತದೆ. ಮುಚ್ಚಿದಾಗ ಅದೇ ಕಾಳು ರಬ್ಬರನ್ನು ಕೊರೆಯುತ್ತದೆ. ಬಿಸಿಲಿಗೆ ಪಟ್ಟಿ ಗಡುಸಾಗುತ್ತದೆ, ಒಂದು ಮೂಲೆಯಲ್ಲಿ ಎದ್ದು ನಿಲ್ಲುತ್ತದೆ, ಒಂದು ದಿನ ಬಾಗಿಲೇ ಕಿತ್ತು ಜೇಬು ಸೇರುತ್ತದೆ. ಡಬ್ಬದ ಮೇಲೆ ಆಗಲೂ ಐಪಿ65. ಹೊಸದಾಗಿದ್ದಾಗಿನ ಅಂಕಿ ಅದು. ಎರಡನೆಯ ವರ್ಷ ಎಷ್ಟು ಉಳಿದಿದೆ ಎಂದು ಯಾರೂ ಅಳೆಯುವುದಿಲ್ಲ, ಅಳೆಯಬೇಕೆಂದು ಮಾನದಂಡವೂ ಕೇಳುವುದಿಲ್ಲ.

ಇನ್ನು, ಲ್ಯಾಪ್‌ಟಾಪುಗಳು ನಿಜಕ್ಕೂ ಸಾಯುವುದು ಹೇಗೆ ಎಂದು ತಿಳಿಯಬೇಕಿದ್ದರೆ ಬ್ರೋಷರ್ ಬಿಟ್ಟು ಬೆಂಗಳೂರಿನ ಎಸ್.ಪಿ. ರೋಡಿನ ರಿಪೇರಿ ಟೇಬಲ್ಲುಗಳ ಮುಂದೆ ನಿಲ್ಲಬೇಕು. ಅಲ್ಲಿಗೆ ಬರುವವುಗಳಲ್ಲಿ ಬೆಟ್ಟದಿಂದ ಬಿದ್ದವು ಕಡಿಮೆ. ಹಿಂಜ್ ಹೋದವು ಜಾಸ್ತಿ. ಲೋಹದ ಹಿಂಜ್ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ಹಿಡಿದಿರುವ ಸ್ಕ್ರೂಗಳು ಕೂರುವುದು ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಕಡಲೆಬೇಳೆ ಗಾತ್ರದ ಹಿತ್ತಾಳೆ ನಟ್ಟುಗಳಲ್ಲಿ. ದಿನಾ ತೆಗೆದು ಮುಚ್ಚಿ ಹಿಂಜ್ ಬಿಗಿಯಾದಂತೆಲ್ಲ ಎಳೆತ ನಟ್ಟಿನ ಮೇಲೆ ಬೀಳುತ್ತದೆ. ಒಂದು ಬೆಳಿಗ್ಗೆ ಪರದೆ ಎತ್ತಿದಾಗ ‘ಕಟಕ್’ ಎಂದು ನಟ್ಟು ಪ್ಲಾಸ್ಟಿಕ್ ಸಮೇತ ಕಿತ್ತು ಬರುತ್ತದೆ. ರಿಪೇರಿಯವ ಅರಾಲ್ಡೈಟ್ ಕಲಸಿ ಅಂಟಿಸುತ್ತಾನೆ. ಅದರ ಪಕ್ಕದಲ್ಲಿ ಬ್ಯಾಟರಿ ಊದಿ ಟಚ್‌ಪ್ಯಾಡ್ ಎದ್ದುನಿಂತ ಇನ್ನೊಂದು, ಸಡಿಲಾದ ಟೈಪ್-ಸಿ ಪೋರ್ಟಿನ ಮತ್ತೊಂದು, ಫ್ಯಾನಿನಲ್ಲಿ ದೂಳಿನ ಹಾಸು ಕಟ್ಟಿಕೊಂಡು ಬಿಸಿಯಾಗಿ ಕುಂಟುವ ಮಗದೊಂದು. 810ರ 29 ಪರೀಕ್ಷೆಗಳಲ್ಲಿ ಗುಂಡು ಹಾರಿಸಿದಾಗಿನ ಆಘಾತವಿದೆ, ರೈಲು ಬೋಗಿ ಢಿಕ್ಕಿ ಹೊಡೆದಾಗಿನ ಪೆಟ್ಟಿದೆ. ಪರದೆಯನ್ನು ಇಪ್ಪತ್ತು ಸಾವಿರ ಸಲ ತೆಗೆದು ಮುಚ್ಚುವ ಪರೀಕ್ಷೆ ಇಲ್ಲ. ಮೂರು ವರ್ಷ ದಿನವೂ ಚಾರ್ಜ್ ಮಾಡಿದ ಬ್ಯಾಟರಿಯ ಪರೀಕ್ಷೆಯೂ ಇಲ್ಲ. ಅದು ಪರಿಸರದ ಹೊಡೆತಕ್ಕೆ ಬರೆದ ದಾಖಲೆ, ಸವೆತಕ್ಕೆ ಬರೆದದ್ದಲ್ಲ. ಕೆಲವು ಕಂಪನಿಗಳು ಹಿಂಜ್ ಪರೀಕ್ಷೆಯನ್ನು ತಾವಾಗಿಯೇ ಮಾಡುತ್ತವೆ, ಅದು ಅವರ ಒಳ್ಳೆಯತನ. ಮಿಲಿಟರಿ ಮುದ್ರೆಗೂ ಅದಕ್ಕೂ ನೆಂಟಸ್ತಿಕೆಯಿಲ್ಲ.

‘ಏನೂ ಪರೀಕ್ಷೆ ಮಾಡದ್ದಕ್ಕಿಂತ ಇಷ್ಟಾದರೂ ಮಾಡಿದ್ದು ವಾಸಿಯಲ್ಲವೇ’ ಎಂಬುದು ಬಹಳ ಜನ ಒಪ್ಪುವ ವಾದ. ಮೇಲುನೋಟಕ್ಕೆ ನ್ಯಾಯವಾಗಿಯೇ ಇದೆ. ಹಾಗಿದ್ದರೆ ಆ ಪರೀಕ್ಷೆಯ ಮೇಲೆ ಕಂಪನಿಗೇ ಎಷ್ಟು ನಂಬಿಕೆ ಎಂದು ಕೇಳಬೇಕು. ಎಚ್‌ಪಿ ತನ್ನ ಬಿಸಿನೆಸ್ ಲ್ಯಾಪ್‌ಟಾಪುಗಳ ವಿವರಪಟ್ಟಿಯ ಅಡಿಟಿಪ್ಪಣಿಯಲ್ಲಿ ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟಿದೆ. ಈ ಪರೀಕ್ಷೆ ಸೈನ್ಯದ ಬಳಕೆಗೆ ಯೋಗ್ಯವೆಂದು ತೋರಿಸಲು ಮಾಡಿದ್ದಲ್ಲ. ಮುಂದೆ ಇದೇ ಪರಿಸ್ಥಿತಿಯಲ್ಲಿ ಯಂತ್ರ ತಡೆಯುತ್ತದೆ ಎಂಬ ಖಾತರಿ ಅಲ್ಲ. ಇದೇ ಪರೀಕ್ಷೆಯ ಪರಿಸ್ಥಿತಿಯಲ್ಲಿ ಹಾನಿಯಾದರೂ ರಿಪೇರಿ ಬೇಕಿದ್ದರೆ ಬೇರೆ ದುಡ್ಡು ಕೊಟ್ಟು ಆಕಸ್ಮಿಕ ಹಾನಿಯ ಪ್ಯಾಕೇಜ್ ಕೊಂಡಿರಬೇಕು. ಮೂರೂ ಮಾತನ್ನು ನಿಧಾನವಾಗಿ ಓದಿಕೊಳ್ಳಿ. ಪರೀಕ್ಷೆಯಲ್ಲಿ ಪಾಸಾದದ್ದು ಯಾವುದರಲ್ಲಿ ಅಂತ ಹೇಳುತ್ತಾರೋ, ಅದರಲ್ಲೇ ನಿಮ್ಮ ಯಂತ್ರ ಫೇಲಾದರೆ ಖರ್ಚು ನಿಮ್ಮದು. ಎಚ್‌ಪಿಯನ್ನು ನಾನು ದೂರುವುದಿಲ್ಲ, ಅವರು ಅಚ್ಚು ಹಾಕಿಯೇ ಹೇಳಿದ್ದಾರೆ. ದೂರಬೇಕಾದದ್ದು ದೊಡ್ಡಕ್ಷರ ಓದಿ ಸಣ್ಣಕ್ಷರ ಬಿಡುವ ನಮ್ಮ ವಿಮರ್ಶಕರನ್ನು.

ಮೊಬೈಲ್ ಫೋನುಗಳ ವಿಷಯದಲ್ಲಿ ಇಂಥದೇ ಆಟಕ್ಕೆ ದಂಡ ಬಿದ್ದಾಗಿದೆ. ಇಟಲಿಯ ಸ್ಪರ್ಧಾ ಪ್ರಾಧಿಕಾರ 2020ರ ನವೆಂಬರಿನಲ್ಲಿ ಆಪಲ್‌ಗೆ ಒಂದು ಕೋಟಿ ಯೂರೋ ದಂಡ ಹಾಕಿತು. ಐಫೋನ್ ಇಷ್ಟು ಮೀಟರ್ ಆಳದ ನೀರನ್ನು ತಡೆಯುತ್ತದೆ ಎಂದು ಜಾಹೀರಾತು. ಅದು ಪ್ರಯೋಗಾಲಯದ ನಿಂತ ಶುದ್ಧ ನೀರಿಗೆ ಮಾತ್ರ ಎಂಬುದು ಅಲ್ಲಿ ಸ್ಪಷ್ಟವಿಲ್ಲ. ನೀರು ಹೊಕ್ಕರೆ ವಾರಂಟಿಯೂ ಇಲ್ಲ. ಆಸ್ಟ್ರೇಲಿಯಾದಲ್ಲಿ ಗ್ಯಾಲಕ್ಸಿ ಫೋನುಗಳನ್ನು ಈಜುಕೊಳಕ್ಕೂ ಕಡಲಿಗೂ ಒಯ್ಯಬಹುದೆಂಬಂತೆ ತೋರಿಸಿದ್ದಕ್ಕೆ ಸ್ಯಾಮ್‌ಸಂಗ್ 2022ರಲ್ಲಿ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಕಟ್ಟಬೇಕಾಯಿತು. ಎರಡು ಕಡೆಯೂ ಫೋನುಗಳಿಗೆ ಐಪಿ ಅಂಕಿ ಇತ್ತು, ಪರೀಕ್ಷೆ ಸುಳ್ಳಾಗಿರಲಿಲ್ಲ. ಪರೀಕ್ಷೆಯಿಂದ ಜಾಹೀರಾತಿಗೆ ಹಾರಿದ ಹಾರಿಕೆಯಲ್ಲಿ ತಪ್ಪಿತ್ತು. ನಮ್ಮಲ್ಲೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ, ಮತ್ತೆ ಮಾಡಿದರೆ ಐವತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. 2022ರ ಮಾರ್ಗಸೂಚಿ ಇನ್ನೂ ನೇರವಾಗಿದೆ: ಅಡಿಟಿಪ್ಪಣಿಯು ಮುಖ್ಯ ಹೇಳಿಕೆಗೆ ವಿರುದ್ಧವಾಗಿರಬಾರದು. ಮಿಲಿಟರಿ ಮುದ್ರೆಯ ಲ್ಯಾಪ್‌ಟಾಪಿನ ಪೋಸ್ಟರನ್ನೂ ಅದರ ಅಡಿಟಿಪ್ಪಣಿಯನ್ನೂ ಅಕ್ಕಪಕ್ಕ ಇಟ್ಟು ಆ ಸಾಲಿಗೆ ಹೋಲಿಸಿ ನೋಡುವ ಕೆಲಸ ಗ್ರಾಹಕ ಸಂಘಟನೆಗಳಿಗೆ ಬಿಟ್ಟದ್ದು.

ಇನ್ನೊಂದು ವಾದ ಅನುಭವದ್ದು. ‘ನಮ್ಮ ಮಾವನ ಹಳೇ ಟಫ್‌ಬುಕ್ ಇನ್ನೂ ಓಡುತ್ತಿದೆ.’ ಓಡುತ್ತಿರಬಹುದು. ಸತ್ತವು ಗುಜರಿ ಸೇರಿವೆ, ಅವುಗಳ ಬಗ್ಗೆ ಯಾರ ಮಾವನೂ ಮಾತಾಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸಾಲಾಗಿ ಕೂತ ಹಳೆಯ ಗಟ್ಟಿ ಯಂತ್ರಗಳನ್ನು ನೋಡಿ ಎಲ್ಲವೂ ಗಟ್ಟಿ ಎಂದು ಹೇಳುವುದು ಉಳಿದವರನ್ನು ಮಾತ್ರ ಎಣಿಸಿದ ಜನಗಣತಿ.

ಸೈನ್ಯವೇ ಕೊಳ್ಳುತ್ತದಲ್ಲ ಎಂಬುದು ಕೊನೆಯ ಅಸ್ತ್ರ. ಕೊಳ್ಳುತ್ತದೆ, ಆದರೆ ಬ್ರೋಷರ್ ನಂಬಿ ಅಲ್ಲ. ನಮ್ಮ ರಕ್ಷಣಾ ಪಡೆಗಳಿಗೆ ಎಲೆಕ್ಟ್ರಾನಿಕ್ ಸಲಕರಣೆಗಳ ಪರಿಸರ ಪರೀಕ್ಷೆಗೆಂದೇ ಜೆಎಸ್‌ಎಸ್ 55555 ಎಂಬ ಸ್ವಂತ ನಿಯಮಾವಳಿ ಇದೆ. ದೊಡ್ಡ ಖರೀದಿಗಳಲ್ಲಿ ಮಾರುವವನು ತನ್ನ ಖರ್ಚಿನಲ್ಲಿ ಸರಕು ತಂದು ಮರಳುಗಾಡಿನಲ್ಲೂ ಎತ್ತರದಲ್ಲೂ ಬಳಕೆದಾರರ ಕಣ್ಣೆದುರೇ ಓಡಿಸಿ ತೋರಿಸಬೇಕು. ಕೊಂಡೇಕೊಳ್ಳುತ್ತೇವೆ ಎಂಬ ಮಾತನ್ನು ಸೈನ್ಯ ಕೊಡುವುದಿಲ್ಲ. ಮಿಲಿಟರಿ ಮುದ್ರೆಯನ್ನು ಕಂಡು ತಲೆಬಾಗುವವರು ನಾವು ನಾಗರಿಕರು ಮಾತ್ರ.

ಹಾಗಾದರೆ ಗಟ್ಟಿ ಯಂತ್ರ ಎಂಬುದೇ ಇಲ್ಲವೇ? ಇದೆ. ಮೆಗ್ನೀಷಿಯಂ ಮಿಶ್ರಲೋಹದ ಚೌಕಟ್ಟು, ಸ್ಕ್ರೂ ಬಿಚ್ಚದೆ ತೆಗೆದು ಹಾಕುವ ಬ್ಯಾಟರಿ, ಬದಲಿಸಬಹುದಾದ ಪೋರ್ಟ್ ಬಾಗಿಲು, ವರ್ಷಗಟ್ಟಲೆ ಸಿಗುವ ಬಿಡಿಭಾಗ, ಇವು ಕಣ್ಣಿಗೆ ಕಾಣುವ ಗುಣಗಳು. ಹಾಗೆಯೇ ವಾರಂಟಿ. ಗೆಟ್ಯಾಕ್ ಅಮೆರಿಕದಂಥ ಮಾರುಕಟ್ಟೆಯಲ್ಲಿ ತನ್ನ ಪೂರ್ತಿ ರಗಡ್ ಮಾದರಿಗಳಿಗೆ ಬಿದ್ದು ಒಡೆದರೂ ಸರಿಮಾಡಿಕೊಡುವ ಮೂರು ವರ್ಷದ ವಾರಂಟಿಯನ್ನು ಬೆಲೆಯೊಳಗೇ ಸೇರಿಸಿ ಕೊಡುತ್ತದೆ. ಬಿದ್ದರೆ ಏನೂ ಆಗುವುದಿಲ್ಲ ಎಂಬ ಮಾತಿನ ಹಿಂದೆ ತನ್ನ ದುಡ್ಡು ಇಟ್ಟವನ ಮಾತು ಬೇರೆ. ಹಾಗೆ ಇಡದವನಿಗೆ ಅಂಗಡಿಯಲ್ಲೇ ಕೇಳಬೇಕು: ಪರೀಕ್ಷಾ ವರದಿ ಕೊಡಿ. ಯಾವ ಲ್ಯಾಬು, ಅದಕ್ಕೆ ಪ್ರಯೋಗಾಲಯಗಳನ್ನು ಒರೆಗೆ ಹಚ್ಚುವ ಎನ್‌ಎಬಿಎಲ್‌ನ ಮಾನ್ಯತೆ ಅಥವಾ ಅದಕ್ಕೆ ಸಮನಾದದ್ದು ಇದೆಯೇ, ಎಷ್ಟು ಯಂತ್ರಗಳ ಮೇಲೆ, ಆನ್ ಇತ್ತೋ ಆಫ್ ಇತ್ತೋ, ಯಾವ ಎತ್ತರದಿಂದ, ಯಾವ ನೆಲದ ಮೇಲೆ. ಕಚೇರಿಗೆ ನೂರಾರು ಯಂತ್ರ ಕೊಳ್ಳುವ ಅಧಿಕಾರಿಗಳು ಟೆಂಡರಿನಲ್ಲಿ ‘810ಎಚ್ ಹೊಂದಿರಬೇಕು’ ಎಂದು ಒಂದು ಸಾಲು ನಕಲು ಮಾಡಿ ಕೈತೊಳೆದುಕೊಳ್ಳುವ ಬದಲು ಇದನ್ನೇ ಷರತ್ತಾಗಿ ಬರೆಯಬಹುದು. ಅನುಮಾನವಿದ್ದರೆ ಪೀಣ್ಯದಲ್ಲೇ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಕೇಂದ್ರವಿದೆ, ಎರಡು ಯಂತ್ರ ಒಯ್ದು ಕೊಟ್ಟರಾಯಿತು. ಬಹುತೇಕ ಮಾರಾಟಗಾರರು ಉತ್ತರವಾಗಿ ಅದೇ ಬ್ರೋಷರನ್ನು ಇನ್ನೊಮ್ಮೆ ವಾಟ್ಸಾಪ್ ಮಾಡುತ್ತಾರೆ. ಅಪರೂಪಕ್ಕೆ ಒಬ್ಬ ನಲವತ್ತು ಪುಟದ ವರದಿಯನ್ನೇ ಕಳಿಸುತ್ತಾನೆ, ಅದರಲ್ಲಿ ಒಂದೆರಡು ಯಂತ್ರ ಕೆಟ್ಟದ್ದೂ ದಾಖಲಾಗಿರುತ್ತದೆ. ಹೆಚ್ಚು ಬೆಲೆ ಕೊಡುವುದಿದ್ದರೆ ಅವನಿಗೆ ಕೊಡಿ.